ವರೇಲನ ನಡಿಗೆ

ಕಾಲ್ಚೆಂಡಾಟದಲ್ಲಿ ಓಡುವವರನ್ನೇ ಲೋಕವು ಕೊಂಡಾಡುವುದು ವಾಡಿಕೆ. ನನ್ನ ಮನಸ್ಸನ್ನು ಸೆರೆಹಿಡಿದವನಾದರೋ ಒಮ್ಮೆ ಮೆಲ್ಲನೆ ನಡೆದವನು: ಉರುಗ್ವೆ ದೇಶದ ತಂಡದ ನಾಯಕನೂ ನಡುವಣ ಆಟಗಾರನೂ ಆಗಿದ್ದ ಓಬ್ದೂಲಿಯೋ ವರೇಲ.

1950ನೆಯ ಇಸವಿ ಜುಲೈ 16ರಂದು ರಿಯೋ ನಗರದ ಮರಕಾನಾ ಕ್ರೀಡಾಂಗಣದಲ್ಲಿ ವಿಶ್ವಕಪ್ಪಿನ ಕಡೆಯ ಪಂದ್ಯ. ಬ್ರೆಜಿಲಿಗೆ ಸರಿಸಮವಾದರೂ ಸಾಕಿತ್ತು. ಉತ್ತರಾರ್ಧದ ಮೊದಲಲ್ಲಿಯೇ ಫ್ರಿಯಾಸನು ಗೋಲು ಹೊಡೆಯಲು, ನೆರೆದಿದ್ದ ಸುಮಾರು ಎರಡು ಲಕ್ಷ ಜನರ ಘೋಷವು ಮುಗಿಲು ಮುಟ್ಟಿತು. ವರೇಲನು ಚೆಂಡನ್ನು ಕಂಕುಳಲ್ಲಿರಿಸಿಕೊಂಡು ನಿಧಾನವಾಗಿ ನಡೆದುಹೋಗಿ, ಅದು ಆಫ್‌ಸೈಡ್ ಎಂದು ಆಂಗ್ಲ ತೀರ್ಪುಗಾರನೊಡನೆ ವಾದ ಹೂಡಿದನು. ಒಬ್ಬರ ನುಡಿ ಮತ್ತೊಬ್ಬರಿಗೆ ತಿಳಿಯದು, ದುಭಾಷಿಯನ್ನು ಕರೆಯಿಸೆಂದನಂತೆ! ತೀರ್ಪು ಬದಲಾಗದೆಂಬುದನ್ನು ಅವನು ಅರಿಯದವನೇ? ಅವನಿಗೆ ಬೇಕಾಗಿದ್ದುದು ಹೊತ್ತು. ಜಯಘೋಷವು ಬೈಗುಳಾಗಿ ಮಾರ್ಪಟ್ಟ ಮೇಲೆ ಚೆಂಡನ್ನಿಳಿಸಿದನು. ಸ್ಕಿಯಾಫಿನೋ, ಬಳಿಕ ಗಿಜ್ಜಿಯಾ ಗೋಲು ಹೊಡೆದರು; ಉರುಗ್ವೆ 2–1ರಿಂದ ಗೆದ್ದಿತು.

ಇದನ್ನು ಯಾರಾದರೂ ಕುಟಿಲವೆಂದರೆ ನಾನು ಜಗಳಕ್ಕೆ ನಿಲ್ಲೆನು. ಆದರೆ ಆ ರಾತ್ರಿ ಅವನು ರಿಯೋದ ಪಾನಗೃಹಗಳಿಗೆ ಹೋಗಿ, ಅಳುತ್ತಿದ್ದ ಬ್ರೆಜಿಲಿಯನ್ನರ ನಡುವೆ ಕುಳಿತನು. ಹಗಲು ಬರಿಯ ಕೂಗಾಗಿದ್ದ ಜನರು ಇಲ್ಲಿ ಒಬ್ಬೊಬ್ಬರಾಗಿ ಎದುರಿಗಿದ್ದರು. ಅವರ ದುಃಖಕ್ಕೆ ತಾನು ಕಾರಣನಾದೆನೆಂಬ ಅಳಲನ್ನು ಮುಂದೆ ಅವನೇ ಹೇಳಿಕೊಂಡನು. ಆ ರಾತ್ರಿ ಅವರೊಡನೆ ಕುಡಿಯುತ್ತ ಬೆಳಗು ಮಾಡಿದನು.