ಒಂದು ಮುಳ್ಳಿನ ನೆವದಿಂದ

ಸವಣೂರೆಂದೊಡನೆ ಜನರಿಗೆ ಅಲ್ಲಿಯ ವೀಳ್ಯದೆಲೆಯ ನೆನಪು. ನವಾಬರ ಆಳಿಕೆ 1948ರಲ್ಲಿಯೇ ಮುಗಿದರೂ ಎಲೆಯ ದರ್ಬಾರು ಮುಗಿದಿಲ್ಲ. ನಾನಾದರೋ ಆ ಎಲೆಯನ್ನು ಬಾಯಿಗಿಂತ ಮೊದಲು ಅಂಗಾಲಿನಿಂದ ಬಲ್ಲವನು. ಹುಡುಗತನದಲ್ಲಿ ಜಾಲಿಮುಳ್ಳು ನಟ್ಟು, ಒಳಗೇ ಮುರಿದು ಕಾಲು ಬಾತಿತೆಂದರೆ, ಅಜ್ಜಿ ಎಲೆಗೆ ಹರಳೆಣ್ಣೆ ಸವರಿ, ದೀಪಕ್ಕೆ ಹಿಡಿದು ಬಾಡಿಸಿ ಕಟ್ಟುವಳು. “ಕೀವು ಆಗಲಿ ತಡಿಯೋ, ಮುಳ್ಳು ತಾನಽ ಹೊರಗ ಬರತದ” ಎನ್ನುವಳು. ನಮಗೆ ಹೇಸಿಗೆಯಾದ ಕೀವು ಆಕೆಗೆ ಶುಭವಾರ್ತೆ.

ಕೀವಿನ ಶಾಸ್ತ್ರಕ್ಕೂ ಮುಳ್ಳೇ ಮೂಲವೆಂದು ಮುಂದೆ ಓದಿ ತಿಳಿದೆ. 1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ಮೆಚ್ನಿಕೋಫ್ ಎಂಬ ಪಂಡಿತ, ಗಾಜಿನಂತೆ ತಿಳಿಯಾದ ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ, ರಾತ್ರಿಯೆಲ್ಲ ನಿದ್ದೆಗೆಟ್ಟು ಕಾದ. ಬೆಳಿಗ್ಗೆ ನೋಡಿದರೆ ಅಲೆಮಾರಿ ಜೀವಕೋಶಗಳು ಮುಳ್ಳನ್ನು ಮುತ್ತಿದ್ದವು! 1908ರಲ್ಲಿ ಆತನಿಗೆ ಎರ್ಲಿಖ್‌ನ ಜೊತೆಗೆ ನೊಬೆಲ್ ಪಾರಿತೋಷಕ ಬಂದಿತು.

ಆದರೆ ಅವನ್ನು ಕರೆದವರಾರು?

ನಮ್ಮ ಎಲುಬಿನೊಳಗಿನ ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್‌ಗಳನ್ನು, ಎಂದರೆ ಒಂದು ಜಾತಿಯ ಬಿಳಿ ರಕ್ತಕಣಗಳನ್ನು, ಹಡೆಯುತ್ತದೆ. ಅವಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಮೈಮೇಲಿನ ಗ್ರಾಹಕಗಳಿಂದ ರಸಗಳ ಜಾಡು ಹಿಡಿಯುತ್ತವೆ. ಗಾಯಗೊಂಡ ಜೀವಕೋಶಗಳಿಂದ ಸೋರಿದ್ದೇ ಮೊದಲ ಕರೆ. ಮುಂದಾಗಿ ಬಂದವುಗಳಲ್ಲಿ ಕೆಲವು ಅಲ್ಲಿಯೇ ಸಾಯುತ್ತವೆ. ಆಗ ಉಳಿದವು ಲ್ಯೂಕೋಟ್ರೈಯೀನ್ ಬಿ4 ಎಂಬ ಕೊಬ್ಬಿನ ಜಾತಿಯ ವಸ್ತುವನ್ನು ಹರಡಿ ದೂರದವನ್ನು ಕೂಗುತ್ತವೆ, ಬಂದವೂ ಕೂಗುತ್ತವೆ. 2013ರಲ್ಲಿ ಜೀವಂತ ಇಲಿಗಳಲ್ಲಿ ವಿಜ್ಞಾನಿಗಳು ಇದನ್ನು ಕಣ್ಣಾರೆ ಕಂಡರು. ಕೀವೆಂದರೆ ಬಹುಮಟ್ಟಿಗೆ ಹೀಗೆ ಓಗೊಟ್ಟು ಬಂದು ಮಡಿದವರ ರಾಶಿಯೇ.

ಕೂಗಿಗೆ ಕೂಗು ಸೇರುತ್ತ ಹೋದರೆ ಕೊನೆಯೆಲ್ಲಿ? ರೋಗಾಣುವನ್ನು ಕೊಲ್ಲುವ ರಸಗಳು ನಮ್ಮ ಮಾಂಸವನ್ನೂ ಬಿಡವು. ಇದರ ಉತ್ತರ ದೊರೆತದ್ದು 2021ರಲ್ಲಿ. ಕರೆ ತೀರ ದಟ್ಟವಾದಾಗ ಕಣದೊಳಗಿನ ಜಿಆರ್‌ಕೆ2 ಎಂಬ ಪ್ರೋಟೀನು ಆ ಗ್ರಾಹಕಗಳನ್ನು ಕಿವುಡಾಗಿಸುತ್ತದೆ. ಕಣಗಳು ಅಲ್ಲಿಯೇ ನಿಂತು ಕೆಲಸ ಮಾಡುತ್ತವೆ. ಅದಿಲ್ಲದ ಇಲಿಗಳ ಕಣಗಳು ಇನ್ನೂ ಹೆಚ್ಚು ಓಡಾಡಿದವು, ಆದರೆ ಬ್ಯಾಕ್ಟೀರಿಯಗಳನ್ನು ತಡೆಯಲಾರದೆ ಹೋದವು. ಓಡಾಟವೆಲ್ಲ ಕೆಲಸವಲ್ಲವೆಂಬುದು ನಮ್ಮ ಊರ ಹಿರಿಯರಿಗಷ್ಟೇ ಅಲ್ಲ, ನಮ್ಮ ರಕ್ತಕ್ಕೂ ಗೊತ್ತು.

ನನ್ನ ಸೋದರಮಾವ ತೀರಿಕೊಂಡದ್ದು ಕಾಲಿನ ಸಣ್ಣ ಗಾಯ ನಂಜೇರಿ. ಹೊರಗಿನ ರೋಗಾಣುವಿಗೆ ಮೈ ಕೊಡುವ ಉತ್ತರವೇ ಹತೋಟಿ ತಪ್ಪಿ ಒಳಗಿನ ಅಂಗಗಳನ್ನು ಕೆಡಿಸುವುದಕ್ಕೆ ವೈದ್ಯರು ಸೆಪ್ಸಿಸ್ ಎನ್ನುತ್ತಾರೆ. ಮಾವನ ಮೈಯಲ್ಲಿ ಕಾವಲುಗಾರರ ಕೊರತೆಯಿರಲಿಲ್ಲ. ಕರೆಗೆ ಎಲ್ಲರೂ ಬಂದಿದ್ದರು. “ಇನ್ನು ಸಾಕು” ಎಂಬ ಮಾತು ಮಾತ್ರ ಅವರನ್ನು ಮುಟ್ಟಲಿಲ್ಲ.