ಕಮಾಂಡ್ ಲೈನಿಗೂ ವಿಭಕ್ತಿ ಪ್ರತ್ಯಯ ಬೇಕು

ಕಂಪ್ಯೂಟರ್ ಆರ್ಕಿಟೆಕ್ಚರ್‌ನಲ್ಲಿ ಮಿನಿ ಪ್ರಾಜೆಕ್ಟ್ ತಗೊಂಡವರಿಗೆ ಜೆಮ್5 ಹೆಸರು ಗೊತ್ತಿರುತ್ತೆ. ಉಳಿದವರಿಗೆ ಎರಡು ಮಾತು ಹೇಳಿಬಿಡ್ತೀವಿ. ಇದು ಪ್ರೊಸೆಸರ್ ಸಿಮ್ಯುಲೇಟರ್. ನಮ್ಮ ಲ್ಯಾಪ್‌ಟಾಪಿನೊಳಗೆ ಇನ್ನೊಂದು ಪ್ರೊಸೆಸರ್ ಇದೆ ಅಂತ ನಟಿಸಿ, ಅದರ ಮೇಲೆ ನಮ್ಮ ಪ್ರೋಗ್ರಾಂ ಓಡಿಸಿ, ಎಷ್ಟು ಇನ್‌ಸ್ಟ್ರಕ್ಷನ್ ಆಯ್ತು, ಎಷ್ಟು ಸಮಯ ಹಿಡೀತು ಅಂತ ಲೆಕ್ಕ ಕೊಡುತ್ತೆ. ಮಿಷಿಗನ್ ವಿಶ್ವವಿದ್ಯಾಲಯದ ಎಂ5 ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೆಮ್ಸ್ ಎಂಬ ಎರಡು ಸಿಮ್ಯುಲೇಟರ್‌ಗಳು ಸೇರಿ ಹುಟ್ಟಿದ್ದು ಇದು. ಇದರ ಬಗ್ಗೆ ಪೇಪರ್ ಬಂದದ್ದು 2011ರಲ್ಲಿ.

ನಿಜವಾದ ಚಿಪ್ಪಿನಲ್ಲಿ ಕ್ಯಾಶ್ ಎಷ್ಟಿದೆಯೋ ಅಷ್ಟೇ. ಕತ್ತರಿಸಿ ಸಣ್ಣದು ಮಾಡೋಕೆ ಆಗಲ್ಲ. ಸಿಮ್ಯುಲೇಟರ್‌ನಲ್ಲಿ ಕಮಾಂಡ್ ಲೈನಿನಲ್ಲಿ ಒಂದು ಪದ ಬದಲಿಸಿದರೆ ಸಾಕು, ಬೇರೆ ಪ್ರೊಸೆಸರ್ ತಯಾರು. ಇಷ್ಟು ಸುಲಭ ಅನ್ನೋ ಕಾರಣಕ್ಕೇ ನಾವು ನಾಲ್ಕು ಜನ ಈ ಪ್ರಾಜೆಕ್ಟ್ ಆರಿಸಿಕೊಂಡ್ವಿ. 64×64 ಮ್ಯಾಟ್ರಿಕ್ಸ್ ಗುಣಾಕಾರದ ಪುಟ್ಟ ಸಿ ಪ್ರೋಗ್ರಾಂ. ಒಂದೊಂದು ಸಂಖ್ಯೆಗೆ 4 ಬೈಟ್ ಅಂದ್ರೆ ಒಂದು ಮ್ಯಾಟ್ರಿಕ್ಸ್‌ಗೆ 16 ಕೆಬಿ, ಮೂರಕ್ಕೆ 48 ಕೆಬಿ. ಡೇಟಾ ಕ್ಯಾಶನ್ನು 8, 16, 32, 64 ಕೆಬಿ ಮಾಡ್ತಾ ಹೋದರೆ ಏನಾಗುತ್ತೆ ನೋಡೋದು, ಗ್ರಾಫ್ ಹಾಕೋದು, ವೈವಾ ಮುಗಿಸೋದು.

(ಇಲ್ಲಿ ಆಪ್ಷನ್‌ಗಳ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೀವಿ. ಟರ್ಮಿನಲ್‌ನಲ್ಲಿ ಹೀಗೇ ಟೈಪ್ ಮಾಡಬೇಡಿ!)

ಜೆಮ್5ನ ಕಮಾಂಡ್ ನೋಡೋಕೆ ಒಂದೇ ಸಾಲು. ಆದರೆ ಆ ಸಾಲಿನಲ್ಲಿ ಕೇಳಿಸಿಕೊಳ್ಳೋರು ಮೂವರು. ಮೊದಲು ಬರೋದು ಜೆಮ್5 ಎಂಬ ಮುಖ್ಯ ಪ್ರೋಗ್ರಾಂ. ಅದರ ಪಕ್ಕದಲ್ಲಿ ಬರೆದ ಆಪ್ಷನ್‌ಗಳು ಅದಕ್ಕೆ: ಫಲಿತಾಂಶ ಯಾವ ಫೋಲ್ಡರ್‌ನಲ್ಲಿ ಇಡಬೇಕು ಅನ್ನೋ --ಔಟ್‌ಡಿರ್, ಒಳಗೆ ಏನಾಗ್ತಿದೆ ತೋರಿಸು ಅನ್ನೋ --ಡೀಬಗ್-ಫ್ಲ್ಯಾಗ್ಸ್ ಇಂಥವು. ನಂತರ ಒಂದು ಪೈಥಾನ್ ಸ್ಕ್ರಿಪ್ಟಿನ ಹೆಸರು. ನಾವು ಬಳಸಿದ್ದು ಎಸ್‌ಇ ಅನ್ನೋ ಹಳೇ ಸ್ಕ್ರಿಪ್ಟ್. ಅದರ ನಂತರ ಬರೆದದ್ದೆಲ್ಲ ಆ ಸ್ಕ್ರಿಪ್ಟಿಗೆ: --ಸಿಪಿಯು-ಟೈಪ್, --ಕ್ಯಾಶಸ್, --ಎಲ್1ಡಿ_ಸೈಜ್. ಅದರೊಳಗೇ ಮತ್ತೆ --ಆಪ್ಷನ್ಸ್ ಅಂತ ಒಂದಿದೆ. ಅದರ ಕೋಟ್‌ಗಳ ನಡುವೆ ಬರೆದದ್ದು ಮೂರನೆಯವರಿಗೆ, ಅಂದ್ರೆ ಸಿಮ್ಯುಲೇಟರಿನ ಒಳಗೆ ಓಡೋ ನಮ್ಮ ಸಿ ಪ್ರೋಗ್ರಾಂಗೆ. ನಮ್ಮ ಮ್ಯಾಟ್ರಿಕ್ಸ್‌ನ 64 ಹೋಗಿದ್ದು ಅಲ್ಲಿಂದ.

ದರ್ಶಿನಿಯಲ್ಲಿ ಟೋಕನ್ ಕೊಡೋರು ಒಬ್ಬರು, ದೋಸೆ ಕೊಡೋರು ಇನ್ನೊಬ್ಬರು. ‘ಗರಿಗರಿಯಾಗಿರಲಿ’ ಅಂತ ಟೋಕನ್ ಕೌಂಟರ್‌ನಲ್ಲಿ ಹೇಳಿದರೆ ಅವರು ನಿಮ್ಮ ಮುಖ ನೋಡ್ತಾರೆ. ಇಲ್ಲೂ ಹಾಗೇ. --ಡೀಬಗ್-ಫ್ಲ್ಯಾಗ್ಸ್ ಅನ್ನು ಸ್ಕ್ರಿಪ್ಟಿನ ಹೆಸರಾದ ಮೇಲೆ ಬರೆದರೆ, ಇದು ನಂಗೆ ಗೊತ್ತಿಲ್ಲದ ಆರ್ಗ್ಯುಮೆಂಟ್ ಅಂತ ಸ್ಕ್ರಿಪ್ಟ್ ನಿಂತೇ ಹೋಗುತ್ತೆ. --ಹೆಲ್ಪ್ ಕೂಡ ಎರಡಿದೆ. ಸ್ಕ್ರಿಪ್ಟಿಗಿಂತ ಮುಂಚೆ ಬರೆದರೆ ಜೆಮ್5ನ ಪಟ್ಟಿ, ಆಮೇಲೆ ಬರೆದರೆ ಸ್ಕ್ರಿಪ್ಟಿನ ಪಟ್ಟಿ.

ನಮ್ಮಲ್ಲಿ ಮೂವರು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ವ್ಯಾಕರಣದಲ್ಲಿ ನೆನಪಿರೋದು ಬಾಯಿಪಾಠ ಮಾಡಿದ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಮಾತ್ರ. ಇದರಿಂದ ಏನುಪಯೋಗ ಅಂತ ಆಗ ಯಾರೂ ಹೇಳಿರಲಿಲ್ಲ. ಕಮಾಂಡ್ ಲೈನ್ ಮುಂದೆ ಕೂತಾಗ ಸ್ವಲ್ಪ ಅರ್ಥ ಆಯ್ತು. ಇಂಗ್ಲಿಷಿನಲ್ಲಿ ರಾಮ ಸೀತೆಯನ್ನು ನೋಡಿದ ಅನ್ನೋ ವಾಕ್ಯದಲ್ಲಿ ಹೆಸರುಗಳನ್ನು ಅದಲು ಬದಲು ಮಾಡಿದರೆ ನೋಡಿದವರೇ ಬದಲಾಗಿಬಿಡ್ತಾರೆ. ಕನ್ನಡದಲ್ಲಿ ‘ಸೀತೆಯನ್ನು ರಾಮ ನೋಡಿದ’ ಅಂದರೂ ಅರ್ಥ ಅದೇ, ಯಾಕಂದ್ರೆ ‘ಅನ್ನು’ ಸೀತೆಯ ಜೊತೆಗೇ ಅಂಟಿಕೊಂಡು ಹೋಗುತ್ತೆ. ಲಿನಕ್ಸ್‌ನ ಸಿಪಿ ಕಮಾಂಡ್ ಇಂಗ್ಲಿಷಿನ ಥರ: ಮೊದಲನೇ ಫೈಲಿಂದ ಎರಡನೇದಕ್ಕೆ. ತಿರುಗಿಸಿ ಬರೆದರೆ ಹೊಸ ಫೈಲಿನ ಮೇಲೆ ಹಳೇದು ಕೂತುಬಿಡುತ್ತೆ. --ಎಲ್1ಡಿ_ಸೈಜ್=32ಕೆಬಿ ಅನ್ನೋದು ಕನ್ನಡದ ಥರ. 32 ಅನ್ನೋದು ಯಾವುದರ ಅಳತೆ ಅಂತ ಅದರ ಹೆಸರೇ ಹೇಳುತ್ತೆ. ಹಾಗಾಗಿ ಸ್ಕ್ರಿಪ್ಟಿನ ಆಪ್ಷನ್‌ಗಳನ್ನು ತಮ್ಮತಮ್ಮಲ್ಲಿ ಯಾವ ಕ್ರಮದಲ್ಲಿ ಬರೆದರೂ ನಡೆಯುತ್ತೆ. ಒಂದೇ ಒಂದು ಪ್ರತ್ಯಯ ಮಾತ್ರ ಅಂಟಿಕೊಂಡಿರಲ್ಲ: ‘ಗೆ’. ಯಾರಿಗೆ ಹೇಳ್ತಿದ್ದೀವಿ ಅನ್ನೋದು ಸಾಲಿನಲ್ಲಿ ನಾವು ಬರೆದ ಜಾಗದಿಂದಲೇ ಗೊತ್ತಾಗಬೇಕು.

ಇಷ್ಟೆಲ್ಲ ತಿಳ್ಕೊಂಡು, ಬ್ಯಾಚಿಂದ ಬ್ಯಾಚಿಗೆ ಪೆನ್‌ಡ್ರೈವ್‌ನಲ್ಲಿ ಬರ್ತಿದ್ದ ಒಂದು ಶೆಲ್ ಸ್ಕ್ರಿಪ್ಟಿನಿಂದ ನಾಲ್ಕು ಸೈಜಿಗೂ ರನ್ ಮಾಡಿದ್ವಿ. ನಾಲ್ಕೂ ಸಲ ಎರರ್ ಇಲ್ಲ, ವಾರ್ನಿಂಗ್‌ನಲ್ಲಿ ಕ್ಯಾಶ್ ಮಾತೇ ಇಲ್ಲ. ಎಂ5ಔಟ್ ಫೋಲ್ಡರಿನ ಸ್ಟ್ಯಾಟ್ಸ್ ಫೈಲ್ ತೆಗೆದು ನೋಡಿದರೆ ಸಮಯ ನಾಲ್ಕರಲ್ಲೂ ಒಂದೇ, ಕೊನೇ ಅಂಕಿಯವರೆಗೆ. 8 ಕೆಬಿಗೂ 64 ಕೆಬಿಗೂ ಒಂದು ಟಿಕ್ ವ್ಯತ್ಯಾಸ ಇಲ್ಲ. ಜೆಮ್5ನಲ್ಲಿ ಒಂದು ಟಿಕ್ ಅಂದ್ರೆ ಒಂದು ಪಿಕೋಸೆಕೆಂಡ್.

ರಾತ್ರಿ ಹನ್ನೊಂದೂವರೆ, ಮರುದಿನ ಸಬ್ಮಿಷನ್. ನಮ್ಮಲ್ಲೊಬ್ಬ ಹೇಳಿದ, “ಬಿಡ್ರೋ, ಗ್ರಾಫ್ ಹೇಗೆ ಬರಬೇಕು ಅಂತ ಟೆಕ್ಸ್ಟ್‌ಬುಕ್‌ನಲ್ಲೇ ಇದೆಯಲ್ಲ. ಅದನ್ನೇ ನೋಡ್ಕೊಂಡು ನಾಲ್ಕು ರೀಡಿಂಗ್ ಹಾಕಿಬಿಡೋಣ.” ಈ ಮಾತು ಓದಿ ನಗಬೇಡಿ. ಫಿಸಿಕ್ಸ್ ಲ್ಯಾಬ್‌ನಿಂದ ಇಲ್ಲಿವರೆಗೆ ಈ ಮಾತು ಕೇಳದ ಬ್ಯಾಚ್ ಯಾವುದೂ ಇರಲಿಕ್ಕಿಲ್ಲ. ಇನ್ನೊಬ್ಬಳು ಲ್ಯಾಪ್‌ಟಾಪ್ ಎಳ್ಕೊಂಡು, “ಹಾಕೋದಾದ್ರೆ ಹಾಕೋಣ ಕಣೋ, ಆದ್ರೆ ಯಾಕೆ ಬದಲಾಗ್ಲಿಲ್ಲ ಅಂತ ಮೊದಲು ನೋಡೋಣ” ಅಂದಳು. ಅಲ್ಲಿಂದ ಮುಂದಿನ ಒಂದೂವರೆ ಗಂಟೆ ಈ ಸೆಮಿಸ್ಟರಿನಲ್ಲಿ ನಾವು ನಿಜವಾಗಿ ಓದಿದ ಸಮಯ.

ಸ್ಟ್ಯಾಟ್ಸ್ ಫೈಲಿನಲ್ಲಿ ಡೇಟಾ ಕ್ಯಾಶಿನ ಮಿಸ್ ಲೆಕ್ಕ ಹುಡುಕಿದ್ವಿ. ಒಂದು ಸಾಲೂ ಸಿಗಲಿಲ್ಲ. ಮಿಸ್ ರೇಟ್ ಸೊನ್ನೆ ಅಂತಲ್ಲ, ಆ ಹೆಸರಿನ ವಸ್ತುವೇ ಅಲ್ಲಿಲ್ಲ. ಅದೇ ಫೋಲ್ಡರಿನಲ್ಲಿ ಕಾನ್ಫಿಗ್.ಐಎನ್‌ಐ ಅಂತ ಇನ್ನೊಂದು ಫೈಲ್ ಇರುತ್ತೆ. ನಾವು ಏನು ಕೇಳಿದ್ವಿ ಅನ್ನೋದು ಅದರಲ್ಲಿ ಇರಲ್ಲ, ಜೆಮ್5 ಕೊನೆಗೆ ಏನು ಕಟ್ಟಿತು ಅನ್ನೋದು ಇರುತ್ತೆ. ಅಲ್ಲೂ ಕ್ಯಾಶ್ ಇಲ್ಲ. ಆಮೇಲೆ ಪೈಥಾನ್ ಕೋಡ್ ತೆರೆದ್ವಿ. --ಕ್ಯಾಶಸ್ ಕೊಟ್ಟಿದ್ದರೆ ಮಾತ್ರ ಎಲ್1 ಕ್ಯಾಶ್ ಕಟ್ಟು ಅಂತ ಒಂದು ಇಫ್ ಇದೆ. ನಮಗೆ ಬಂದ ಶೆಲ್ ಸ್ಕ್ರಿಪ್ಟಿನಲ್ಲಿ ಆ ಪದ ಯಾವುದೋ ಬ್ಯಾಚಿನಲ್ಲಿ ಬಿದ್ದುಹೋಗಿತ್ತು. ಸೈಜ್ ಅಂತ ಒಂದು ಆಪ್ಷನ್ ಇದೆ, ಅದಕ್ಕೊಂದು ಬೆಲೆ ಬಂತು, ತಗೊಂಡೆ. ಅಷ್ಟೇ ಅದರ ಕೆಲಸ. ಕಾಫಿಯನ್ನೇ ಕೇಳದೆ ‘ಸಕ್ಕರೆ ಕಡಿಮೆ’ ಅಂದರೆ, ಆಯ್ತು ಸಾರ್ ಅಂತ ತಲೆ ಆಡಿಸಿದ ಹಾಗೆ.

--ಕ್ಯಾಶಸ್ ಸೇರಿಸಿ ಮತ್ತೆ ರನ್ ಮಾಡಿದ್ವಿ. ಈಗ ಕ್ಯಾಶ್ ದೊಡ್ಡದಾದಂತೆ ಮಿಸ್ ರೇಟ್ ಇಳೀತು. ಸಮಯ ಮಾತ್ರ ಆಗಲೂ ಬದಲಾಗಲಿಲ್ಲ. ಸಿಪಿಯು ಯಾವುದು ಅಂತ ಸಾಲಿನಲ್ಲಿ ಎಲ್ಲೂ ಇರಲಿಲ್ಲ. ಹೇಳದಿದ್ದರೆ ಆ ಸ್ಕ್ರಿಪ್ಟ್ ಅಟಾಮಿಕ್ ಸಿಂಪಲ್ ಸಿಪಿಯು ಅನ್ನೋ ಮಾದರಿ ತಗೊಳ್ಳುತ್ತೆ. ಅದು ಬೇಗ ಓಡಲಿ ಅಂತಲೇ ಮಾಡಿದ್ದು. ಡೇಟಾ ಬರೋಕೆ ಎಷ್ಟು ಹೊತ್ತು ಕಾಯಬೇಕಾಯ್ತು ಅನ್ನೋದನ್ನ ಅದು ಮಾಮೂಲಿಯಾಗಿ ಲೆಕ್ಕಕ್ಕೆ ಹಿಡಿಯಲ್ಲ. --ಸಿಪಿಯು-ಟೈಪ್ ಬದಲಿಸಿ ಟೈಮಿಂಗ್ ಸಿಂಪಲ್ ಸಿಪಿಯು ಕೊಟ್ಟಾಗ ಸಮಯವೂ ಅಲ್ಲಾಡಿತು. ಮಧ್ಯರಾತ್ರಿ ಒಂದು ಗಂಟೆಗೆ ಹಾಸ್ಟೆಲ್ ಕಾರಿಡಾರಿನಲ್ಲಿ ನಾಲ್ಕು ಬೇರೆಬೇರೆ ಸಂಖ್ಯೆ ನೋಡಿ ಕೂಗಿದವರು ನಾವೇ.

ಡೀಫಾಲ್ಟ್ ಅಂದ್ರೆ ಏನೂ ಆರಿಸದೆ ಇರೋದು ಅಂತ ಅಂದುಕೊಳ್ತೀವಿ. ಹಾಗಲ್ಲ, ನಮ್ಮ ಪರವಾಗಿ ಯಾರೋ ಆಗಲೇ ಆರಿಸಿಟ್ಟಿರ್ತಾರೆ. ಆ ಸ್ಕ್ರಿಪ್ಟಿನಲ್ಲಿ ಸಿಪಿಯು ಕ್ಲಾಕ್ 2 ಗಿಗಾಹರ್ಟ್ಜ್, ಮೆಮೊರಿ 512 ಎಂಬಿ, ಹೀಗೆ ಎಷ್ಟೋ ತೀರ್ಮಾನಗಳು ನಮಗಿಂತ ಮುಂಚೆ ಕೂತಿವೆ. ಅವು ಕೆಟ್ಟವು ಅಂತ ಹೇಳ್ತಿಲ್ಲ. ಅವು ನಮ್ಮ ಪ್ರಶ್ನೆಗೆ ಹೊಂದುತ್ತವಾ ಅನ್ನೋದನ್ನ ನಾವೇ ನೋಡಬೇಕು. ಸ್ಪೆಲ್ಲಿಂಗ್ ತಪ್ಪಿದರೆ ಸಿಮ್ಯುಲೇಟರ್ ಕೂಗುತ್ತೆ. ನಾವು ಹೇಳಿದ್ದು ಉಪಯೋಗಕ್ಕೆ ಬರದೇ ಹೋದರೆ ಸುಮ್ಮನಿರುತ್ತೆ. ಈ ಎರಡನೇದು ಹೆಚ್ಚು ಅಪಾಯ, ಯಾಕಂದ್ರೆ ಕೈಗೆ ಒಂದು ನೀಟಾದ ಸಂಖ್ಯೆ ಸಿಕ್ಕಿರುತ್ತೆ.

ಜೆಮ್5 ಮಾಡೋರಿಗೂ ಇದು ಗೊತ್ತಾಗಿರಬೇಕು ಅನ್ಸುತ್ತೆ. ಹೊಸ ಆವೃತ್ತಿಗಳಲ್ಲಿ ಆ ಎಸ್‌ಇ ಸ್ಕ್ರಿಪ್ಟ್ ಡೆಪ್ರಿಕೇಟೆಡ್ ಅನ್ನೋ ಫೋಲ್ಡರಿಗೆ ಹೋಗಿದೆ. ಅದರ ಬದಲು ಬಂದ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಬೋರ್ಡ್, ಪ್ರೊಸೆಸರ್, ಮೆಮೊರಿ, ಕ್ಯಾಶ್ ಒಂದೊಂದನ್ನೂ ಪೈಥಾನ್‌ನಲ್ಲಿ ಹೆಸರು ಹಿಡಿದು ಜೋಡಿಸಬೇಕು. ಕ್ಯಾಶ್ ಬೇಡ ಅಂದ್ರೂ ಸುಮ್ಮನೆ ಬಿಡೋ ಹಾಗಿಲ್ಲ. ‘ನೋ ಕ್ಯಾಶ್’ ಅನ್ನೋ ಕ್ಲಾಸನ್ನೇ ತಂದು ಕೂರಿಸಬೇಕು. ಇಲ್ಲ ಅನ್ನೋದನ್ನೂ ಬಾಯಿಬಿಟ್ಟು ಹೇಳಬೇಕು ಅನ್ನೋ ಈ ಪದ್ಧತಿ ನಮಗೆ ತುಂಬಾ ಹಿಡಿಸ್ತು.

ನಮ್ಮ ರಿಪೋರ್ಟಿನಲ್ಲಿ ಗ್ರಾಫ್ ಜೊತೆಗೆ ನಾಲ್ಕು ಕಮಾಂಡ್‌ಗಳನ್ನು ಪೂರ್ತಿ ಹಾಕಿದ್ವಿ, ಕಾನ್ಫಿಗ್ ಫೈಲಿನ ಕ್ಯಾಶ್ ಭಾಗವನ್ನೂ ಅಂಟಿಸಿದ್ವಿ. ವೈವಾದಲ್ಲಿ ಮೇಡಂ ಗ್ರಾಫ್ ಬಿಟ್ಟು ಅದರ ಮೇಲೇ ಪ್ರಶ್ನೆ ಕೇಳಿದರು. ಉತ್ತರ ಹೇಳೋಕೆ ನಾಲ್ಕೂ ಜನ ಒಟ್ಟಿಗೆ ಬಾಯಿ ತೆಗೆದ್ವಿ.

ಪೆನ್‌ಡ್ರೈವ್ ಈಗ ನಮ್ಮ ಹತ್ತಿರ ಇದೆ. ಶೆಲ್ ಸ್ಕ್ರಿಪ್ಟಿಗೆ ಕೆಲವು ಸಾಲು ಸೇರಿಸಿದ್ದೀವಿ: ರನ್ ಆದ ಮೇಲೆ ಕಾನ್ಫಿಗ್ ಫೈಲಿನಲ್ಲಿ ಡೇಟಾ ಕ್ಯಾಶ್ ಇಲ್ಲದಿದ್ದರೆ, ಅಥವಾ ಅದರ ಸೈಜ್ ನಾವು ಕೇಳಿದ್ದಲ್ಲದಿದ್ದರೆ, ಅಲ್ಲೇ ನಿಲ್ಲುತ್ತೆ. ಮುಂದಿನ ಬ್ಯಾಚಿನವರು ಬಂದು ಇಸ್ಕೊಳ್ಳಿ. ನಾವು ಸೇರಿಸಿದ ಸಾಲುಗಳನ್ನೂ ಒಂದು ಸಲ ಓದಿ ನೋಡಿ, ಸುಮ್ಮನೆ ನಂಬಬೇಡಿ.