ಅರ್ಧ ಗಂಟೆ ಕೂತ್ಕೊಂಡು ಹೋಗಿ

ವರ್ಕ್ ಸ್ಟಡಿ ಪ್ರಾಜೆಕ್ಟ್ ಅಂದ ಕೂಡಲೇ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಓಡೋದು ಕ್ಯಾಂಟೀನಿಗೆ. ದೋಸೆ ಹುಯ್ಯೋಕೆ ಎಷ್ಟು ಸೆಕೆಂಡು, ಕೂಪನ್ ಹರಿಯೋಕೆ ಎಷ್ಟು ಸೆಕೆಂಡು. ಪ್ರತಿ ವರ್ಷ ಅದೇ ದೋಸೆ, ಅದೇ ಗ್ರಾಫು. ಈ ಸಲ ನಾವು ನಾಲ್ವರು ಬೇರೆ ಕಡೆ ಹೋದೆವು. ನಮ್ಮಲ್ಲೊಬ್ಬಳ ಅಕ್ಕನಿಗೆ ಆಗಷ್ಟೇ ಮಗುವಾಗಿತ್ತು. "ಒಂದು ಸೂಜಿಗೆ ಇಡೀ ಬೆಳಗ್ಗೆ ಹೋಯ್ತು ಕಣೇ" ಅಂತ ಅವರು ಫೋನಿನಲ್ಲಿ ಗೊಣಗಿದ್ದೇ ನಮಗೆ ವಿಷಯವಾಯಿತು. ಲೆಕ್ಚರರ್ ಹತ್ತಿರ ಪತ್ರ ಬರೆಸಿಕೊಂಡು, ಡಾಕ್ಟರ ಒಪ್ಪಿಗೆ ತಗೊಂಡು, ಮೂರು ಗುರುವಾರ ಒಂದು ಸರ್ಕಾರಿ ಆಸ್ಪತ್ರೆಯ ಲಸಿಕೆ ಕೋಣೆಯ ಮೂಲೆಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತೆವು.

ಟೈಮ್ ಸ್ಟಡಿ ಪಾಠದಲ್ಲಿ ಗಿಲ್‌ಬ್ರೆತ್ ದಂಪತಿಯ ಹೆಸರು ಓದಿರ್ತೀರಿ. ಕೈ ಚಾಚೋದು, ಹಿಡಿಯೋದು, ಬಿಡೋದು ಅಂತ ಕೆಲಸವನ್ನು ಚೂರುಚೂರು ಮಾಡಿ, ಆ ಚೂರಿಗೆ ತಮ್ಮ ಹೆಸರನ್ನೇ ತಿರುಗಿಸಿ ಥರ್ಬ್ಲಿಗ್ ಅಂತ ಹೆಸರಿಟ್ಟವರು. ಅದೇ ಹುರುಪಿನಲ್ಲಿ ನಾವೂ ಸಿಸ್ಟರ್ ಕೈಗಳನ್ನೇ ನೋಡುತ್ತಾ ಕೂತೆವು. ಒಂದೂವರೆ ತಿಂಗಳ ಮಗು ಬಂದರೆ ಬಾಯಿಗೆ ಪೋಲಿಯೋ ಹನಿ, ರೋಟಾ. ಎಡ ತೊಡೆಗೆ ಪೆಂಟಾ, ಬಲ ತೊಡೆಗೆ ನ್ಯುಮೋನಿಯಾ ತಡೆಯೋ ಪಿಸಿವಿ, ಬಲ ತೋಳಿನ ಚರ್ಮಕ್ಕೆ ಪೋಲಿಯೋದ ಸಣ್ಣ ಸೂಜಿ. ಒಂದು ಸಲ ಒತ್ತಿದರೆ ಮತ್ತೆ ಎಳೆಯೋಕೆ ಬಾರದ ಸಿರಿಂಜು, ಅದನ್ನು ತುಂಡು ಮಾಡೋಕೆ ಪಕ್ಕದಲ್ಲೇ ಕಟರ್. ಸೂಜಿ ಒಳಗೆ ಹೋಗಿ ಹೊರಗೆ ಬರೋಕೆ ಬೇಕಾದ ಸಮಯವನ್ನು ನಮ್ಮ ಹೆಬ್ಬೆರಳು ಸರಿಯಾಗಿ ಅಳೆಯೋಕೂ ಆಗಲಿಲ್ಲ, ಅಷ್ಟು ಬೇಗ. ಹೆಚ್ಚಿನ ಹೊತ್ತು ಹೋಗೋದು ಬರವಣಿಗೆಗೆ. ತಾಯಿ ಕಾರ್ಡು, ರಿಜಿಸ್ಟರು, ಮೊಬೈಲಿನಲ್ಲಿ ಯು-ವಿನ್. ಒಂದೇ ಮಗುವಿನ ಹೆಸರು ಮೂರು ಕಡೆ. ನೆಟ್‌ವರ್ಕ್ ಕೈಕೊಟ್ಟರೆ ಆ ಮೂರನೆಯದು ಎಷ್ಟು ಹೊತ್ತಾಗುತ್ತದೋ ದೇವರೇ ಬಲ್ಲ.

ಸಿಸ್ಟರ್ ಬೆರಳ ವೇಗ ಹೆಚ್ಚಿಸಿ ಏನೂ ಲಾಭವಿಲ್ಲ ಅನ್ನೋದು ಮೊದಲ ಗುರುವಾರವೇ ಖಚಿತವಾಯ್ತು. ಆಮೇಲೆ ನಾವು ಬೆಂಚುಗಳ ಕಡೆ ತಿರುಗಿದೆವು.

ಆ ಕೋಣೆಯಲ್ಲಿ ಕಾಲವನ್ನು ಎಷ್ಟು ಕಡೆ ಬರೆದಿಡ್ತಾರೆ ಗೊತ್ತಾ? ಫ್ರಿಜ್ಜಿನ ಬಾಗಿಲ ಮೇಲೊಂದು ಚಾರ್ಟು, ದಿನಕ್ಕೆ ಎರಡು ಸಲ ಟೆಂಪರೇಚರ್ ಬರೀಬೇಕು, 2ರಿಂದ 8 ಡಿಗ್ರಿ ದಾಟಬಾರದು. ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೊಂದು ಚೌಕ. ಶಾಖ ತಾಗುತ್ತಾ ತಾಗುತ್ತಾ ಚೌಕ ಕಪ್ಪಾಗುತ್ತೆ, ವೃತ್ತದಷ್ಟೇ ಕಪ್ಪಾಯ್ತೋ, ಆ ಸೀಸೆ ಬಳಸುವ ಹಾಗಿಲ್ಲ. ಎಷ್ಟು ಶಾಖ, ಎಷ್ಟು ಹೊತ್ತು, ಎರಡನ್ನೂ ಕೂಡಿಸಿ ಹೇಳೋ ಮೀಟರು ಅದು. ಬ್ಯಾಟರಿ ಇಲ್ಲ, ಕೋಡ್ ಇಲ್ಲ. ನಮ್ಮ ಇನ್‌ಸ್ಟ್ರುಮೆಂಟೇಶನ್ ಲ್ಯಾಬಿನಲ್ಲಿ ಇಷ್ಟು ಚೆಂದದ ಇನ್‌ಸ್ಟ್ರುಮೆಂಟು ಒಂದೂ ಇಲ್ಲ! ಪೆಂಟಾ ಸೀಸೆ ತೆರೆದರೆ ತೆರೆದ ತಾರೀಖು ಬರೀಬೇಕು, ನಿಯಮದ ಪ್ರಕಾರ ಇಟ್ಟರೆ 28 ದಿನ ಬರುತ್ತೆ. ಬಿಸಿಜಿ, ಎಂಆರ್ ಸೀಸೆಗೆ ಗಂಟೆಯನ್ನೂ ಬರೀಬೇಕು. ಪುಡಿಗೆ ದ್ರಾವಣ ಬೆರೆಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಕಸ. ಹೀಗೆ ಸೀಸೆಗೆ ಗಂಟೆ, ಫ್ರಿಜ್ಜಿಗೆ ಗಂಟೆ, ಮಗುವಿಗೆ ತಾರೀಖು.

ತಾಯಿ ಎಷ್ಟು ಹೊತ್ತಿಗೆ ಬಂದಳು ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. ಹುಡುಕಿ ಹುಡುಕಿ ನೋಡಿದೆವು, ಅದಕ್ಕೊಂದು ಕಾಲಮ್ಮೇ ಇಲ್ಲ.

ಎರಡನೇ ಗುರುವಾರ ನಾವೇ ಬಾಗಿಲಲ್ಲಿ ನಿಂತು ಬರೆದುಕೊಂಡೆವು. ಒಬ್ಬ ಅಜ್ಜಿ ಮೊಮ್ಮಗುವನ್ನ ಸೆರಗಿನಲ್ಲಿ ಸುತ್ತಿಕೊಂಡು ಬಂದವರು, "ಏನಪ್ಪಾ ಬರ್ಕೊಳ್ತಿದ್ದೀಯ, ಆಧಾರ್ ಕಾರ್ಡ್ ಬೇಕಾ?" ಅಂದರು. "ಇಲ್ಲ ಅಜ್ಜಿ, ನೀವು ಬಂದ ಟೈಮು." "ನಾನು ಬಂದ ಟೈಮ್ ಕಟ್ಕೊಂಡು ನಿಂಗೇನಾಗ್ಬೇಕು?" ಅಂತ ನಕ್ಕು, ಎರಡು ಹೆಜ್ಜೆ ಹೋಗಿ ತಿರುಗಿ, "ಬರ್ಕೊಳ್ಳೋದಾದ್ರೆ ಸರ್ಯಾಗ್ ಬರ್ಕೊ. ಎಂಟೂವರೆ ಬಸ್ಸಿಗೇ ಬಂದಿದೀನಿ, ಬಾಗಿಲು ತೆಗ್ದಿರ್ಲಿಲ್ಲ" ಅಂದರು.

ಈ ಕೋಣೆಯಲ್ಲಿ ಕಾಯೋದು ಎರಡು ಥರ. ಸೂಜಿಗೆ ಮುಂಚೆ ಕಾಯೋದು ಒಂದು, ಸೂಜಿ ಆದಮೇಲೆ ಅರ್ಧ ಗಂಟೆ ಕೂರೋದು ಇನ್ನೊಂದು. ಸ್ಟಾಪ್‌ವಾಚಿಗೆ ಎರಡೂ ಒಂದೇ. ಬೆಂಚೂ ಒಂದೇ. ಆದರೆ ಎರಡನೆಯದು ಚಿಕಿತ್ಸೆಯ ಭಾಗ. ಲಸಿಕೆಗೆ ಮೈ ತಡೆಯದೆ ಮಗುವಿಗೆ ತೀವ್ರ ತೊಂದರೆ ಆಗೋದು ತೀರಾ ಅಪರೂಪ. ಆದರೆ ಆದರೆ, ಹೆಚ್ಚಾಗಿ ಮೊದಲ ಅರ್ಧ ಗಂಟೆಯೊಳಗೇ ಕಾಣಿಸಿಕೊಳ್ಳುತ್ತೆ, ಅದಕ್ಕೆ ಬೇಕಾದ ಅಡ್ರಿನಲಿನ್ ಕಿಟ್ ಇರೋದು ಆ ಕೋಣೆಯಲ್ಲೇ, ಬಸ್ಸಿನಲ್ಲಲ್ಲ. ಯಾವ ಲಸಿಕೆ ಹಾಕಿದ್ದು, ಜ್ವರ ಬಂದರೆ ಏನು ಮಾಡೋದು, ಮತ್ತೆ ಯಾವಾಗ ಬರೋದು, ಕಾರ್ಡನ್ನ ಜೋಪಾನ ಮಾಡೋದು: ಈ ನಾಲ್ಕು ಮಾತನ್ನ ಪ್ರತಿ ತಾಯಿಗೂ ಹೇಳಬೇಕು ಅನ್ನೋದು ನಿಯಮ. ಗಲಾಟೆಯಲ್ಲಿ ಹೇಳಿದ್ದು ಕಿವಿಗೆ ಬೀಳಲ್ಲ, ಆ ಅರ್ಧ ಗಂಟೆಯಲ್ಲಾದರೆ ಬಿದ್ದೀತು. ಹಾಗಾಗಿ ಒಟ್ಟು ಸಮಯ ಕಡಿಮೆ ಮಾಡಿ ಅಂತ ಯಾರಾದರೂ ಹೊರಟರೆ, ಮೊದಲು ಕತ್ತರಿ ಬೀಳೋದು ಈ ಅರ್ಧ ಗಂಟೆಗೇ.

ಬೀಳ್ತಾನೂ ಇತ್ತು. "ಅರ್ಧ ಗಂಟೆ ಕೂತ್ಕೊಂಡು ಹೋಗಿ" ಅಂತ ಸಿಸ್ಟರ್ ಪ್ರತಿಯೊಬ್ಬರಿಗೂ ಹೇಳ್ತಿದ್ದರು, ಆದರೂ ಬಹಳ ಜನ ಎದ್ದು ಹೋಗ್ತಿದ್ದರು. ಯಾಕೆ ಅನ್ನೋದಕ್ಕೆ ಲಿಟಲ್ಸ್ ಲಾ ಸಾಕು. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ್ದು, ನಾವು ಇಂಟರ್ನಲ್ಸ್‌ಗೆ ಬಾಯಿಪಾಠ ಮಾಡಿ ಮರೆತದ್ದು. ಒಳಗಿರುವವರ ಸಂಖ್ಯೆ ಅಂದರೆ ಬರುವ ವೇಗ ಗುಣಿಸು ಇರುವ ಹೊತ್ತು. ಮೂರು ನಿಮಿಷಕ್ಕೊಂದು ಮಗುವಿಗೆ ಸೂಜಿಯಾಗಿ, ಪ್ರತಿ ಮಗು 30 ನಿಮಿಷ ಕೂತರೆ, ಯಾವಾಗ ನೋಡಿದರೂ ಸರಾಸರಿ 10 ಮಕ್ಕಳು ಕೂತಿರಬೇಕು. ಮಗು ಒಂದೇ ಬರುತ್ತಾ? ತಾಯಿ ಜೊತೆಗೆ ಅಜ್ಜಿಯೋ ಅತ್ತೆಯೋ ಇದ್ದೇ ಇರ್ತಾರೆ. ಅಲ್ಲಿಗೆ 20 ಜನಕ್ಕೆ ಜಾಗ ಬೇಕು. ಅಲ್ಲಿದ್ದದ್ದು ಎರಡು ಬೆಂಚು, ಅದರಲ್ಲೂ ಸೂಜಿಗೆ ಮುಂಚಿನವರು ಬೆಳಗ್ಗೆಯಿಂದಲೇ ಕೂತಿದ್ದರು. ಅಳೋ ಮಗು ಎತ್ತಿಕೊಂಡು ಅರ್ಧ ಗಂಟೆ ನಿಲ್ಲಿ ಅಂದರೆ ಯಾರು ನಿಲ್ತಾರೆ? ತಾಯಂದಿರಿಗೆ ತಿಳುವಳಿಕೆ ಇಲ್ಲ ಅಂತ ಕಾರಿಡಾರಿನಲ್ಲಿ ಯಾರೋ ಹೇಳೋದನ್ನ ಕೇಳಿಸಿಕೊಂಡೆವು. ಬೆಂಚಿರಲಿಲ್ಲ, ಅಷ್ಟೇ.

ನಮ್ಮ ಗುಂಪಿನಲ್ಲಿ ಒಬ್ಬನಿಗೆ ಆ್ಯಪ್ ಮಾಡೋ ಚಟ. ಟೈಮ್ ಸ್ಲಾಟ್ ಕೊಟ್ಟುಬಿಡೋಣ ಅಂದ. ಊರಿಗೆ ದಿನಕ್ಕೆ ಮೂರು ಬಸ್ಸಿರುವ ತಾಯಿಗೆ ಹನ್ನೊಂದೂ ಹತ್ತರ ಸ್ಲಾಟ್ ಕೊಟ್ಟು ಏನು ಪ್ರಯೋಜನ ಅಂತ ಇನ್ನೊಬ್ಬಳು ಜಗಳಕ್ಕೆ ನಿಂತಳು. ಆ ಜಗಳ ಇನ್ನೂ ಮುಗಿದಿಲ್ಲ.

ಮೂರನೇ ಗುರುವಾರ ಒಂಬತ್ತು ತಿಂಗಳ ಕೂಸನ್ನೆತ್ತಿಕೊಂಡು ಒಬ್ಬರು ಬಂದರು, ನಮಗಿಂತ ಎರಡೋ ಮೂರೋ ವರ್ಷ ದೊಡ್ಡವರಿರಬಹುದು. ದಡಾರ-ರುಬೆಲ್ಲಾದ ಎಂಆರ್ ಆಗಬೇಕಿತ್ತು. ಬೆಳಗ್ಗೆ ತೆರೆದ ಸೀಸೆ ಖಾಲಿಯಾಗಿತ್ತು. ಹೊಸದು ತೆರೆದರೆ ಈ ಒಂದು ಮಗುವಿಗೆ ಮಾತ್ರ, ಮಿಕ್ಕದ್ದು ಚೆಲ್ಲಬೇಕು. ಒಂದೇ ಮಗು ಬಂದರೂ ಸೀಸೆ ತೆರೆಯಬೇಕು ಅನ್ನೋದೇ ಮಾರ್ಗಸೂಚಿ. ಆದರೆ ಎಷ್ಟು ಡೋಸ್ ವ್ಯರ್ಥವಾಯ್ತು ಅಂತಲೂ ಲೆಕ್ಕ ಕೊಡಬೇಕಲ್ಲ, ಕೈ ತಡೆಯುತ್ತೆ. "ಸ್ವಲ್ಪ ಇರಮ್ಮ, ಇನ್ನೊಂದಿಬ್ಬರು ಬರ್ತಾರೇನೋ" ಅಂದರು ಸಿಸ್ಟರ್.

"ಒಂದೂ ಕಾಲಿಗೆ ಬಸ್ಸು ಅಕ್ಕ. ಅದು ಹೋದ್ರೆ ನಾಲ್ಕು ಗಂಟೆಗೇ. ಇವತ್ತು ಕೂಲಿ ಬಿಟ್ಟು ಬಂದಿದೀನಿ. ಮುಂದಿನ ವಾರ ಬಾ ಅಂದ್ರೆ ಬರಕ್ಕಾಗಲ್ಲ."

ದಡಾರ ಎಷ್ಟು ಬೇಗ ಹರಡುತ್ತೆ ಅಂದರೆ, ಅದನ್ನು ತಡೆದು ನಿಲ್ಲಿಸೋಕೆ ನೂರರಲ್ಲಿ 95 ಮಂದಿಗಾದರೂ ಎರಡು ಡೋಸ್ ಆಗಿರಬೇಕು. ಆ ಲೆಕ್ಕ ಕೆಡೋದು ಇಂಥ ಹೊತ್ತಿನಲ್ಲೇ, ಒಂದು ಸೀಸೆ ಮತ್ತು ಒಂದು ಬಸ್ಸಿನ ನಡುವೆ. ಸಿಸ್ಟರ್ ಗಡಿಯಾರ ನೋಡಿದರು, ಮಗುವನ್ನ ನೋಡಿದರು, ಫ್ರಿಜ್ ತೆಗೆದರು. ಸೀಸೆಯ ಲೇಬಲ್ ಮೇಲೆ 12.20 ಅಂತ ಬರೆದರು. ಸೂಜಿಯಾದ ಮೇಲೆ ನಾವು ಕೂತಿದ್ದ ಸ್ಟೂಲನ್ನೇ ಆ ತಾಯಿಗೆ ಕೊಟ್ಟೆವು. ಹನ್ನೆರಡು ಐವತ್ತೈದರವರೆಗೆ ಕೂತು, ಬಸ್ ಸ್ಟ್ಯಾಂಡ್ ಕಡೆ ಹೊರಟರು. ಅವರ ಹಿಂದೆಯೇ ಎಂಆರ್‌ಗೆ ಇನ್ನೊಂದು ಮಗು ಬಂತು. ಆಮೇಲೆ ಯಾರೂ ಬರಲಿಲ್ಲ.

ರಿಪೋರ್ಟಿನಲ್ಲಿ ನಾವು ಕೇಳಿದ್ದು ಎರಡೇ: ಸೂಜಿಯಾದವರಿಗೆ ಅಂತಲೇ ಬೇರೆ ಬೆಂಚುಗಳು, ರಿಜಿಸ್ಟರಿನಲ್ಲಿ ಬಂದ ಹೊತ್ತಿಗೊಂದು ಕಾಲಮ್. ಬೆಂಚಿಗೆ ಅರ್ಜಿ ಹೋಗಿದೆಯಂತೆ. ಕಾಲಮ್ಮನ್ನು ಸಿಸ್ಟರ್ ಸ್ಕೇಲಿಟ್ಟು ಪೆನ್ಸಿಲ್‌ನಲ್ಲಿ ತಾವೇ ಎಳೆದುಕೊಂಡಿದ್ದಾರೆ. ಈ ವರ್ಷ ದೋಸೆ ಬಿಟ್ಟು ಬೇರೆ ಏನಾದರೂ ಅಳೀಬೇಕು ಅನ್ನೋ ಜೂನಿಯರ್ಸ್ ಇದ್ದರೆ ನಮ್ಮ ಹಾಳೆಗಳೆಲ್ಲ ಡಿಪಾರ್ಟ್‌ಮೆಂಟ್ ಲೈಬ್ರರಿಯಲ್ಲಿವೆ. ಗುರುವಾರ ಎಂಟೂವರೆ ಬಸ್ಸಿಗೆ ಮುಂಚೆ ಹೋಗಿ.